ದಿನಸಿ ಅಂಗಡಿ ಲೆಕ್ಕದಿಂದ ದಿವಾನಗಿರಿಗೆ: ಗುಬ್ಬಿ, ಕುಣಿಗಲ್ ಕಂದಾಯ ಬರೆಸಿಕೊಂಡ ಪೂರ್ಣಯ್ಯ

ತುಮಕೂರಿನಲ್ಲಿ ಲೆಕ್ಕಪತ್ರದ ಕೆಲಸಕ್ಕೇನೂ ಕೊರತೆ ಇಲ್ಲ. ಕೋರ್ಟ್ ಸುತ್ತಮುತ್ತ, ಎಪಿಎಂಸಿ ಯಾರ್ಡ್ ಹತ್ತಿರ ತೆರಿಗೆ ಸಲಹೆಗಾರರ ಬೋರ್ಡುಗಳು ಕಾಣುತ್ತವೆ. ಗುಬ್ಬಿ, ಕುಣಿಗಲ್ ಹಳ್ಳಿಗಳಿಗೆ ಹೋದ್ರೆ ಹಾಲಿನ ಡೇರಿ ಕಾರ್ಯದರ್ಶಿ, ಸಹಕಾರ ಸಂಘದ ಗುಮಾಸ್ತ ಇವರೇ ಊರಿನ ಲೆಕ್ಕದವರು. ಹಿಂದೆ ಆ ಜಾಗದಲ್ಲಿ ಶಾನುಭೋಗರು ಇದ್ದರು. ಆ ಶಾನುಭೋಗರೆಲ್ಲ ಬರೆದ ಲೆಕ್ಕ ಕೊನೆಗೆ ಹೋಗಿ ಸೇರುತ್ತಿದ್ದದ್ದು ಶ್ರೀರಂಗಪಟ್ಟಣಕ್ಕೆ, ಆಮೇಲೆ ಮೈಸೂರಿಗೆ. ಅಲ್ಲಿ ಸುಮಾರು 40 ವರ್ಷ ಆ ಲೆಕ್ಕದ ಮೇಲೆ ಕಣ್ಣಿಟ್ಟು ಕೂತಿದ್ದವರು ಒಬ್ಬರೇ: ದಿವಾನ್ ಪೂರ್ಣಯ್ಯ.

ಪೂರ್ಣಯ್ಯ ತುಮಕೂರು ಜಿಲ್ಲೆಯವರಲ್ಲ. ಅಸಲಿಗೆ ಕನ್ನಡ ಸೀಮೆಯವರೂ ಅಲ್ಲ. ಹುಟ್ಟಿದ್ದು 1746ರಲ್ಲಿ, ಇಂದಿನ ತಮಿಳುನಾಡಿನ ತಿರುಕಂಬೂರಿನಲ್ಲಿ, ಬಡ ಮಾಧ್ವ ಬ್ರಾಹ್ಮಣ ಕುಟುಂಬದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಮನೆ ನಡೆಯಬೇಕಲ್ಲ, ಹುಡುಗ ವ್ಯಾಪಾರಿಗಳ ಹತ್ತಿರ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದ. ಮೊದಲು ರಂಗಸೆಟ್ಟಿ ಎಂಬ ವ್ಯಾಪಾರಿ, ಆಮೇಲೆ ಶ್ರೀರಂಗಪಟ್ಟಣದ ಅನ್ನದಾನ ಸೆಟ್ಟಿ. ಈ ಅನ್ನದಾನ ಸೆಟ್ಟಿಯೇ ಹೈದರ್ ಅಲಿಯ ಅರಮನೆಗೂ ಸೈನ್ಯಕ್ಕೂ ದಿನಸಿ ಸರಬರಾಜು ಮಾಡುತ್ತಿದ್ದದ್ದು. ಹಾಗಾಗಿ ಅಂಗಡಿಯ ಲೆಕ್ಕ ಹಿಡಿದುಕೊಂಡು ಅರಮನೆಗೆ ಹೋಗಿ ಬರುವ ಕೆಲಸ ಪೂರ್ಣಯ್ಯನವರ ಪಾಲಿಗೆ ಬಂತು.

ಹೈದರ್‌ಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಲೆಕ್ಕದಲ್ಲಿ ಅವನನ್ನು ಏಮಾರಿಸೋದು ಸುಲಭ ಇರಲಿಲ್ಲ. ಎಲ್ಲವೂ ನೆನಪಿನಲ್ಲಿ ಇರುತ್ತಿತ್ತು. ಅಂಥವನ ಕಣ್ಣಿಗೆ ಈ ತರುಣ ಬಿದ್ದ. ಮುದ್ದಾದ ಅಕ್ಷರ, ತಪ್ಪಿಲ್ಲದ ಲೆಕ್ಕ, ಕೇಳಿದ್ದಕ್ಕೆ ತಕ್ಷಣ ಉತ್ತರ. 1770ರ ಹೊತ್ತಿಗೆ ಪೂರ್ಣಯ್ಯ ಸರ್ಕಾರದ ಲೆಕ್ಕದ ಕಚೇರಿಗೆ ಬಂದಾಗಿತ್ತು, ವಯಸ್ಸು ಇಪ್ಪತ್ತನಾಲ್ಕು. ಕೆಲವೇ ವರ್ಷದಲ್ಲಿ ಆ ಕಚೇರಿಯ ಮುಖ್ಯಸ್ಥರಾದರು. ತಮಿಳು ಮನೆಮಾತಿನ ಸೀಮೆಯಿಂದ ಬಂದವರು ಕನ್ನಡದಲ್ಲಿ ಲೆಕ್ಕ ಬರೆದರು, ಮುಂದೆ ಪಾರ್ಸಿಯನ್ನೂ ಕಲಿತುಕೊಂಡರು.

ಆ ಕಾಲದ ಲೆಕ್ಕ ಹೇಗಿತ್ತು ಅನ್ನೋದನ್ನ ಸ್ವಲ್ಪ ನೋಡಬೇಕು, ಇಲ್ಲಾಂದ್ರೆ ಪೂರ್ಣಯ್ಯನವರ ಕೆಲಸ ಎಂಥದ್ದು ಅಂತ ತಿಳಿಯೋದಿಲ್ಲ. ಹಳ್ಳಿ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಕಡತ ಅಂದರೆ ಬಟ್ಟೆ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಟ್ಟೆಗೆ ಬಳಿದು ಒಣಗಿಸಿದರೆ ಕಪ್ಪು ಹಲಗೆಯಂತಾಗುತ್ತಿತ್ತು. ಅದನ್ನು ಬೀಸಣಿಗೆ ಥರ ಮಡಿಚಿ ಇಡುತ್ತಿದ್ದರು. ಬರೆಯೋದು ಬಳಪದಲ್ಲಿ. ಬೇಕಾದಾಗ ಒರೆಸಬಹುದು, ಒರೆಸದೆ ಇಟ್ಟರೆ ಎಷ್ಟೋ ಕಾಲ ಉಳಿಯುತ್ತದೆ. ಈಗಲೂ ಕೆಲವು ಹಳೇ ಮನೆಗಳ ಅಟ್ಟದಲ್ಲಿ, ಮಠಗಳಲ್ಲಿ ಕಡತ ಸಿಗುವುದುಂಟು. ಕಡತ ವಿಲೇವಾರಿ ಅಂತ ತಾಲ್ಲೂಕು ಕಚೇರಿಯಲ್ಲಿ ಇವತ್ತು ಹೇಳುವ ಮಾತಿನ ಮೂಲ ಈ ಕಪ್ಪು ಬಟ್ಟೆಯೇ.

ಕಡತದಲ್ಲಿ ಏನಿರುತ್ತಿತ್ತು? ಯಾವ ಹೊಲ ಯಾರದ್ದು, ಯಾವುದು ಬೀಳು, ಯಾರಿಂದ ಎಷ್ಟು ಕಂದಾಯ ಬಂತು, ಎಷ್ಟು ಬಾಕಿ. ರಾಗಿ, ಹುರುಳಿ ಬೆಳೆಯೋ ಖುಷ್ಕಿ ಜಮೀನಿಗೆ ದುಡ್ಡಿನ ಕಂದಾಯ. ಕೆರೆ ಹಿಂದಿನ ಗದ್ದೆಗೆ ಬಹುಪಾಲು ಕಡೆ ವಾರ, ಅಂದರೆ ಕಣದಲ್ಲಿ ರಾಶಿ ಹಾಕಿ ಸರ್ಕಾರದ ಪಾಲು, ರೈತನ ಪಾಲು ಅಂತ ಅಳೆದು ಹಂಚೋದು. ಅದಕ್ಕೂ ಮೊದಲೇ ಆಯಗಾರರ ಪಾಲು ಎತ್ತಿಡಬೇಕು: ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ ಹೀಗೆ. ಮೋಸ ನಡೆಯೋಕೆ ಕಣಕ್ಕಿಂತ ಒಳ್ಳೇ ಜಾಗ ಇರಲಿಲ್ಲ. ಅಳೆಯುವವನ ಕೈ ಚಳಕ ಒಂದು ಕಡೆ, ರಾತ್ರೋರಾತ್ರಿ ರಾಶಿ ಕರಗೋದು ಇನ್ನೊಂದು ಕಡೆ. ಅಮಲ್ದಾರ ಬಂದು ನೋಡೋವರೆಗೂ ರಾಶಿ ಮುಟ್ಟಬಾರದು ಅಂದರೆ ಮಳೆ ಬಂದು ಕಾಳು ಮೊಳಕೆ ಒಡೆದು ನಷ್ಟ ಆಗುತ್ತಿದ್ದದ್ದು ರೈತನಿಗೇ.

ಶಾನುಭೋಗನಿಂದ ಹೋಬಳಿಗೆ, ಅಲ್ಲಿಂದ ತಾಲ್ಲೂಕಿನ ಅಮಲ್ದಾರನಿಗೆ, ಶಿರಸ್ತೇದಾರರ ಕೈ ದಾಟಿ ರಾಜಧಾನಿಯ ಹುಜೂರು ಕಚೇರಿಗೆ ಲೆಕ್ಕ ಏರುತ್ತಿತ್ತು. ಅಲ್ಲೂ ಒಂದೇ ಲೆಕ್ಕ ನಂಬುತ್ತಿರಲಿಲ್ಲ. ಹೈದರ್ ಕಾಲದಲ್ಲಿ ಪೂರ್ಣಯ್ಯನವರ ಕಡೆ ಕನ್ನಡದ ಲೆಕ್ಕ, ತೋಷೇಖಾನೆಯ ಕೃಷ್ಣರಾಯರ ಕಡೆ ಮರಾಠಿ ಲೆಕ್ಕ. ಎರಡನ್ನೂ ತಾಳೆ ನೋಡಬೇಕು. ಟಿಪ್ಪು ಬಂದ ಮೇಲೆ ಪಾರ್ಸಿ ಲೆಕ್ಕವೂ ಸೇರಿತು. ಇವತ್ತು ಆಡಿಟ್ ಅಂತ ಕರೆಯುವುದನ್ನು ಅವತ್ತು ಮೂರು ಭಾಷೆಯಲ್ಲಿ ಮಾಡುತ್ತಿದ್ದರು ಅಂದರೂ ಸಲ್ಲುತ್ತೆ.

ಲೆಕ್ಕದವರ ಮೇಲೆ ದೊರೆ ಎಷ್ಟು ನಂಬಿಕೆ ಇಟ್ಟಿದ್ದ ಅನ್ನೋದು ಗೊತ್ತಾದದ್ದು 1782ರ ಡಿಸೆಂಬರ್‌ನಲ್ಲಿ. ಇಂಗ್ಲಿಷರ ಜತೆ ಯುದ್ಧ ನಡೀತಿದ್ದಾಗ ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ಹೈದರ್ ತೀರಿಕೊಂಡ. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಹರಡಿದ್ದರೆ ಸೈನ್ಯ ಚದುರಿ ಹೋಗುತ್ತಿತ್ತು. ಪೂರ್ಣಯ್ಯ, ಕೃಷ್ಣರಾಯ ಇಬ್ಬರೂ ಸೇರಿ ಸಾವನ್ನು ಮುಚ್ಚಿಟ್ಟರು. ಶವವನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಹಾಕಿ ಕೋಲಾರಕ್ಕೆ ಕಳಿಸಿದರು. ಟಿಪ್ಪು ಬಂದು ಸೇರೋವರೆಗೆ ಬಿಡಾರದ ದಿನಚರಿ ಎಂದಿನಂತೆ ನಡೀತು. ಟಿಪ್ಪು ಕಾಲದಲ್ಲೂ ಪೂರ್ಣಯ್ಯನವರ ಸ್ಥಾನ ಗಟ್ಟಿಯಾಗೇ ಉಳಿಯಿತು. ಲೆಕ್ಕದ ಜತೆಗೆ ಸೈನ್ಯದ ತುಕಡಿಗಳ ಹೊಣೆಯನ್ನೂ ಹೊತ್ತರು.

ಈ ಯುದ್ಧಗಳ ಬಿಸಿ ತುಮಕೂರು ಸೀಮೆಗೆ ಜೋರಾಗೇ ತಟ್ಟಿತು. 1791–92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಹೋದಾಗ ಈಗಿನ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ, ಹುತ್ರಿದುರ್ಗ ಎರಡೂ ಇಂಗ್ಲಿಷರ ಕೈ ಸೇರಿದವು. ಇನ್ನೊಂದು ಕಡೆಯಿಂದ ಪರಶುರಾಮ ಭಾವೂನ ಮರಾಠಾ ದಂಡು ಚಿಕ್ಕನಾಯಕನಹಳ್ಳಿ ಕಡೆಯಿಂದ ಊರು ಲೂಟಿ ಮಾಡುತ್ತಾ ಸಾಗಿತು. ದಂಡು ಯಾರದ್ದಾದರೂ ಎತ್ತು, ರಾಗಿ, ಹುಲ್ಲು ಹೋಗೋದು ರೈತನದ್ದು. ಯುದ್ಧ ಮುಗಿದ ಮೇಲೆ ಪರಿಹಾರದ ಹಣ ಕಟ್ಟಬೇಕು ಅಂತ ಕಂದಾಯದ ಒತ್ತಡ ಬೇರೆ. ಬೆಳೆ ಇಲ್ಲದಿದ್ದರೂ ಕಡತದಲ್ಲಿ ಬಾಕಿ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಯಿತು. ವಸೂಲಿ ಆಗೋದಿಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಬರೆದಿಡಲೇಬೇಕು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಜೂನ್ 30ಕ್ಕೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ. ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಜತೆ ರಾಜ್ಯ ನಡೆಸಲು ಇಂಗ್ಲಿಷರು ದಿವಾನರನ್ನಾಗಿ ಆರಿಸಿಕೊಂಡದ್ದು ಪೂರ್ಣಯ್ಯನವರನ್ನು. ಟಿಪ್ಪುವಿನ ನೆಚ್ಚಿನ ಮಂತ್ರಿಯನ್ನೇ ಯಾಕೆ ಅಂತ ಆಗಲೂ ಮಾತು ಬಂತು, ಈಗಲೂ ಬರುತ್ತೆ. ಹೊಸ ಒಡೆಯರ ಬಳಿ ಸೇರಿಕೊಂಡರು ಅನ್ನೋ ಆಪಾದನೆಯನ್ನು ಇತಿಹಾಸಕಾರರು ಪೂರ್ತಿ ಕೈಬಿಟ್ಟಿಲ್ಲ. ಇಂಗ್ಲಿಷರ ಕಾರಣ ಮಾತ್ರ ಸರಳವಾಗಿತ್ತು. ಯಾವ ತಾಲ್ಲೂಕಿನಲ್ಲಿ ಎಷ್ಟು ಹುಟ್ಟುತ್ತೆ ಅನ್ನೋದು ತಲೆಯಲ್ಲೇ ಇದ್ದ ಮನುಷ್ಯ ಅವರೊಬ್ಬರೇ. ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕು ಅಂತ ಒಪ್ಪಂದ. ತಪ್ಪಿದರೆ ರಾಜ್ಯವನ್ನೇ ಕೈಗೆ ತಗೋತೀವಿ ಅನ್ನೋ ಷರತ್ತೂ ಅದರಲ್ಲಿತ್ತು.

ಇಂಥ ಸ್ಥಿತಿಯಲ್ಲಿ ಯಾವ ಲೆಕ್ಕಿಗನಾದರೂ ಮೊದಲು ಮಾಡೋದು ಹಳೇ ಬಾಕಿ ಪಟ್ಟಿ ತೆಗೆಯೋದು. ಪೂರ್ಣಯ್ಯನವರ ಸರ್ಕಾರ ಅದರ ಉಲ್ಟಾ ಮಾಡಿತು. ಹಿಂದಿನ ಕಂದಾಯದ ಬಾಕಿ ಅಷ್ಟನ್ನೂ ಷರತ್ತಿಲ್ಲದೆ ಮನ್ನಾ ಮಾಡಿರುವುದಾಗಿ ಸಾರಿತು. ಭೂಮಿಯ ಕಂದಾಯ, ಸುಂಕ ಎರಡನ್ನೂ ಹಳೆಯ ಒಡೆಯರ ಕಾಲದ ದರಕ್ಕೆ ಇಳಿಸಿತು. ಇಡೀ ರಾಜ್ಯಕ್ಕೆ ಅನ್ವಯಿಸಿದ ಆದೇಶ ಇದು. ಗುಬ್ಬಿ, ಕುಣಿಗಲ್, ತುಮಕೂರಿನ ಕಡತಗಳಲ್ಲಿ ಬರೆದಿದ್ದ ಬಾಕಿಯೂ ಅದರಲ್ಲಿ ಸೇರಿತು.

ಇದನ್ನು ಬರೀ ದಯೆ ಅಂತ ಓದಿಕೊಂಡರೆ ಪೂರ್ಣಯ್ಯ ಅರ್ಥವಾಗಲ್ಲ. ಯುದ್ಧದಿಂದ ರೈತರು ಊರು ಬಿಟ್ಟು ಕಾಡು, ಪಕ್ಕದ ಸೀಮೆ ಸೇರಿದ್ದರು. ಹಳೇ ಬಾಕಿ ತಲೆ ಮೇಲೆ ತೂಗುತ್ತಿದ್ದರೆ ಯಾರೂ ವಾಪಸ್ ಬರೋದಿಲ್ಲ. ಆಳಿಲ್ಲದ ಹೊಲದಿಂದ ಕಂದಾಯವೂ ಬರೋದಿಲ್ಲ. ಬಾರದ ಬಾಕಿಯನ್ನು ಆಸ್ತಿ ಅಂತ ಬರೆದಿಟ್ಟುಕೊಂಡರೆ ಲೆಕ್ಕ ದೊಡ್ಡದಾಗಿ ಕಾಣುತ್ತೆ, ಖಜಾನೆ ಮಾತ್ರ ಖಾಲಿ ಇರುತ್ತೆ. ದಿನಸಿ ಅಂಗಡಿಯಲ್ಲಿ ಉದ್ರಿ ಪುಸ್ತಕ ನೋಡಿಕೊಂಡು ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಷ್ಟು ಉದ್ರಿ ಬರುತ್ತೆ, ಎಷ್ಟು ಮುಳುಗಿತು ಅನ್ನೋದು ಅಂಗಡಿಯವನಿಗೆ ಮೊದಲು ಗೊತ್ತಾಗಬೇಕು.

ಎರಡನೇ ಕೆಲಸ ಕೆರೆ. ತುಮಕೂರು ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಡಾಗಿ ನಾಡಿಗೆಲ್ಲ ಗೊತ್ತಿರುವ ಕುಣಿಗಲ್ ಕೆರೆ, ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನೀರನ್ನು ಹಿಡಿಯುವ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಇವು ತುಂಬಿದರೆ ಭತ್ತ, ಅಡಿಕೆ, ತೆಂಗು. ಏರಿ ಒಡೆದರೆ ಗದ್ದೆ ಲೆಕ್ಕದಿಂದ ಬೀಳು ಲೆಕ್ಕಕ್ಕೆ ಒಂದೇ ವರ್ಷದಲ್ಲಿ ಇಳಿಯುತ್ತೆ. ಕೆರೆ ನೋಡಿಕೊಳ್ಳುವವರಿಗೆ ಕಟ್ಟುಕೊಡಗಿ ಅಂತ ಜಮೀನು ಬಿಡುವ ಪದ್ಧತಿ ಹಿಂದಿನಿಂದ ಇತ್ತು. ಯುದ್ಧದ ವರ್ಷಗಳಲ್ಲಿ ಹೂಳೆತ್ತುವವರಿಲ್ಲ, ತೂಬು ಸರಿ ಮಾಡುವವರಿಲ್ಲ. ಪೂರ್ಣಯ್ಯನವರ ಕಾಲದಲ್ಲಿ ರಾಜ್ಯದ ಉದ್ದಕ್ಕೂ ಕೆರೆ, ಕಾಲುವೆ ದುರಸ್ತಿಗೆ ಖಜಾನೆಯಿಂದ ಹಣ ಬಿಡುಗಡೆಯಾಯಿತು. ಕೆರೆಗೆ ಹಾಕಿದ ಹಣ ಮುಂದಿನ ಸುಗ್ಗಿಯಲ್ಲಿ ಕಣದಲ್ಲೇ ಎದ್ದು ಬರುತ್ತೆ ಅನ್ನೋ ಲೆಕ್ಕಾಚಾರ. ಎಲ್ಲವೂ ಕೈಗೂಡಿತು ಅಂತೇನಿಲ್ಲ. ಕಾವೇರಿ ನೀರನ್ನು ಮೈಸೂರಿಗೆ ತರಲು ತೋಡಿಸಿದ ಕಾಲುವೆ ಗುರಿ ಮುಟ್ಟಲಿಲ್ಲ. ಪೂರ್ಣಯ್ಯ ನಾಲೆ ಅನ್ನೋ ಹೆಸರು ಮಾತ್ರ ಮೈಸೂರಿನಲ್ಲಿ ಉಳಿಯಿತು. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ 1804ರಲ್ಲಿ ಮುಗಿಯಿತು. ಕಲ್ಲಿನ ಕಂಬ, ಕಲ್ಲಿನ ತೊಲೆ, ಕಮಾನಿಲ್ಲ. ಅದು ಇವತ್ತಿಗೂ ನಿಂತಿದೆ.

ಮೂರನೆಯದು ಕೆಲಸ ಕಳೆದುಕೊಂಡ ಸಿಪಾಯಿಗಳ ಸಂಗತಿ. ಟಿಪ್ಪುವಿನ ಸೈನ್ಯ ಬರಖಾಸ್ತಾದಾಗ ಸಾವಿರಾರು ಜನ ಕೈಯಲ್ಲಿ ಕತ್ತಿ ಹಿಡಿದು, ಹೊಟ್ಟೆಗಿಲ್ಲದೆ ತಿರುಗುತ್ತಿದ್ದರು. ಧೋಂಡಿಯಾ ವಾಘ್ ಅಂಥವರನ್ನೇ ಕಟ್ಟಿಕೊಂಡು ದಂಗೆ ಎದ್ದ. 1800ರ ಸೆಪ್ಟೆಂಬರ್‌ನಲ್ಲಿ ಕೊಲ್ಲಲ್ಪಟ್ಟ. ಪೂರ್ಣಯ್ಯ ಇಂಥ ಸಿಪಾಯಿಗಳನ್ನು ಕಂದಾಚಾರ ಅಂತ ಊರೂರ ಕಾವಲಿಗೆ ಸೇರಿಸಿಕೊಂಡರು. ಸಂಬಳದ ಒಂದು ಭಾಗ ಜಮೀನಿನ ರೂಪದಲ್ಲಿ. ಬಂದೂಕು ಹಿಡಿದವನು ನೇಗಿಲನ್ನೂ ಹಿಡಿದ. ಸಂಬಳದ ಖರ್ಚು ಇಳೀತು, ಬೀಳು ಬಿದ್ದಿದ್ದ ಹೊಲಕ್ಕೆ ಆಳೂ ಸಿಕ್ಕಿದ.

ಇದೆಲ್ಲ ನಡೆಯುತ್ತಿದ್ದ 1800ರಲ್ಲೇ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡ್ ವೈದ್ಯ ಕಂಪನಿ ಪರವಾಗಿ ಮೈಸೂರು ರಾಜ್ಯ ಸುತ್ತಲು ಬಂದ. ಗುಬ್ಬಿ ಪೇಟೆಗೂ ಬಂದು ಅಲ್ಲಿನ ವ್ಯಾಪಾರ ನೋಡಿ ಬರೆದಿಟ್ಟ. ಮಲೆನಾಡಿನ ನಗರ ಸೀಮೆಯ ಅಡಿಕೆ ಗುಬ್ಬಿ ಮೂಲಕ ಪೂರ್ವದ ವಾಲಾಜಾಪೇಟೆ ಕಡೆ ಹೋಗುತ್ತಿತ್ತು. ಯುದ್ಧ ಮುಗಿದು ವರ್ಷವಷ್ಟೇ ಆಗಿದ್ದರೂ ಎತ್ತುಗಳ ಮೇಲೆ ಸರಕು ಓಡಾಡುತ್ತಿತ್ತು. ಸುಂಕ ಇಳಿಸಿದ್ದರ ಲಾಭ ಗುಬ್ಬಿಯಂಥ ಪೇಟೆಗೆ ತಟ್ಟದೆ ಇರುತ್ತಿರಲಿಲ್ಲ.

ಲೆಕ್ಕದವರು ತುಮಕೂರು ಸೀಮೆಯಲ್ಲೂ ಕಡಿಮೆ ಇರಲಿಲ್ಲ ಅನ್ನೋದಕ್ಕೆ ಸೀಬಿ ದೇವಸ್ಥಾನವೇ ಸಾಕ್ಷಿ. ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯ ಸೀಬಿ ನರಸಿಂಹಸ್ವಾಮಿ ದೇವಸ್ಥಾನ ಕಟ್ಟಿಸಿದ್ದು ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಅಣ್ಣತಮ್ಮಂದಿರು. ಅವರ ತಂದೆ ಕಚೇರಿ ಕೃಷ್ಣಪ್ಪ ಟಿಪ್ಪು ಸರ್ಕಾರದ ಅಧಿಕಾರಿ. ಮಂಟಪದ ಛಾವಣಿಯ ಚಿತ್ರಗಳನ್ನು ನೋಡೋಕೆ ಹೋದವರು ಆ ಹೆಸರಿನ ಮುಂದಿರುವ ಕಚೇರಿ ಅನ್ನೋ ಮಾತನ್ನೂ ಗಮನಿಸಬಹುದು.

ಈಗ ಇನ್ನೊಂದು ಮಗ್ಗಲು. ಪೂರ್ಣಯ್ಯ ಬಿಗಿ ಮನುಷ್ಯ. ಹಳೇ ಬಾಕಿ ಬಿಟ್ಟರೇ ಹೊರತು ಹೊಸ ಬಾಕಿ ನಿಲ್ಲಲು ಬಿಡಲಿಲ್ಲ. ಇನಾಂ ಜಮೀನುಗಳ ತಪಾಸಣೆ ಮಾಡಿಸಿ, ದಾಖಲೆ ಸರಿಯಿಲ್ಲದ್ದನ್ನು ಸರ್ಕಾರಕ್ಕೆ ಸೇರಿಸಿಕೊಂಡರು. ಜಮೀನು ಅಳತೆಗೂ ಕೈ ಹಾಕಿದರು. ಅದು ಪೂರ್ತಿಯಾಗಲಿಲ್ಲ, ಆದದ್ದೂ ಅಷ್ಟು ಕರಾರುವಾಕ್ಕಾಗಿರಲಿಲ್ಲ. ಮೈಸೂರಿನಲ್ಲಿ ಸರಿಯಾದ ಭೂಮಾಪನ ಇಲಾಖೆ ಶುರುವಾಗೋಕೆ 1863 ಬರಬೇಕಾಯಿತು.

ಲೆಕ್ಕದ ಕಣ್ಣಿಗೆ ಬೀಳದೇ ಹೋದ ಒಂದು ಸಂಗತಿ ಅಂದರೆ ದನ. ಹೈದರ್, ಟಿಪ್ಪು ಕಾಲದಲ್ಲಿ ಬೆಳೆದಿದ್ದ ಅಮೃತಮಹಲ್ ದನಗಳು, ಅವುಗಳ ಕಾವಲುಗಳು 1799ರ ನಂತರ ಮೈಸೂರು ಸರ್ಕಾರದ ಕೈಗೆ ಬಂದವು. ಸೈನ್ಯಕ್ಕೆ ಎಳೆಯುವ ಎತ್ತು ಕೊಡಬೇಕಾದ ತಳಿ ಅದು. ಕುಣಿಗಲ್ಲಿನ ಕುದುರೆ ಫಾರಂ ಹೇಗೋ ಹಾಗೆ. ಆದರೆ ಈ ಸರ್ಕಾರದಲ್ಲಿ ಅದರ ಮೇಲೆ ಯಾರಿಗೂ ಅಕ್ಕರೆ ಇರಲಿಲ್ಲ. ತಳಿ ಎಷ್ಟು ಸೊರಗಿತು ಅಂದರೆ 1813ರಲ್ಲಿ ಇಂಗ್ಲಿಷರು ವಾಪಸ್ ತಗೊಂಡು ತಮ್ಮ ಅಧಿಕಾರಿಯನ್ನು ಹಾಕಿದರು. ಹೆಸರಿನ ಕೊನೆಗೆ ಕಾವಲ್ ಅಂತ ಇರುವ ಜಾಗಗಳು ಜಿಲ್ಲೆಯಲ್ಲಿ ಇನ್ನೂ ಇವೆ. ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರುವ ಬಿದರೆಹಳ್ಳ ಕಾವಲ್ ಅಂಥ ಹೆಸರು.

ಪೂರ್ಣಯ್ಯನವರ ಮೇಲಿನ ದೊಡ್ಡ ಆಕ್ಷೇಪ ಖಜಾನೆಯದ್ದೇ. 1811ರ ಕೊನೆಯಲ್ಲಿ ದಿವಾನಗಿರಿ ಬಿಟ್ಟಾಗ ಖಜಾನೆಯಲ್ಲಿ 2 ಕೋಟಿ ರೂಪಾಯಿಗೂ ಹೆಚ್ಚು ಇತ್ತು ಅಂತ ಹೇಳುತ್ತಾರೆ. ಪ್ರತಿ ವರ್ಷ ಪೊಗದಿ ಕಟ್ಟಿ, ಮರಾಠರ ಮೇಲಿನ ಯುದ್ಧಕ್ಕೆ ಇಂಗ್ಲಿಷರಿಗೆ ಕುದುರೆ ಸವಾರರನ್ನು, ದವಸವನ್ನು ಕೊಟ್ಟು, ಕೆರೆ ಸೇತುವೆ ಕಟ್ಟಿಸಿ, ಆಮೇಲೆ ಉಳಿದದ್ದು. ಮಾರ್ಕ್ ವಿಲ್ಕ್ಸ್‌ನಂಥ ರೆಸಿಡೆಂಟರು ಇದನ್ನು ಕಂಡು ಬೆರಗಾದರು. ಮುಂದಿನ ತಲೆಮಾರಿನ ಇಂಗ್ಲಿಷ್ ಅಧಿಕಾರಿಗಳು ಬೇರೆ ಮಾತೆತ್ತಿದರು. ಖಜಾನೆ ತುಂಬಿದ್ದೇ ಒಳ್ಳೇ ರಾಜ್ಯಭಾರದ ಗುರುತು ಅಂತ ಪೂರ್ಣಯ್ಯ ತಿಳಿದಿದ್ದರು, ಆ ಹಣ ರೈತನ ಹತ್ತಿರವೇ ಇರಬೇಕಿತ್ತು ಅಂತ. ಮಾತಿನಲ್ಲಿ ಹುರುಳಿದೆ. ಆದರೆ ಹೇಳಿದವರು ಯಾರು ಅನ್ನೋದನ್ನೂ ನೋಡಬೇಕು. ವರ್ಷಕ್ಕೆ 24.5 ಲಕ್ಷ ಎಣಿಸಿಕೊಂಡವರೇ ಅವರು, ಒಂದು ಕಂತು ತಪ್ಪಿದರೂ ರಾಜ್ಯ ಹೋಗುತ್ತೆ ಅಂತ ಬರೆಸಿಕೊಂಡವರೂ ಅವರೇ. ಅಂಥ ಷರತ್ತು ತಲೆ ಮೇಲಿದ್ದಾಗ ಕೂಡಿಡದೆ ಇನ್ನೇನು ದಾರಿ ಇತ್ತು?

ಪೂರ್ಣಯ್ಯನವರಿಗೆ ಇದರಿಂದ ಸಿಕ್ಕಿದ್ದೂ ಕಡಿಮೆಯಲ್ಲ. ಹೊಟ್ಟೆಪಾಡಿಗೆ ಅಂಗಡಿ ಸೇರಿದ್ದ ಹುಡುಗನಿಗೆ 1807ರಲ್ಲಿ ಯಳಂದೂರು ಜಹಗೀರು ಬಂತು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಅವರ ಭಾವಚಿತ್ರ ಬರೆದ. ಅಧಿಕಾರ ಬಿಟ್ಟು ಕೆಲವೇ ತಿಂಗಳಿಗೆ, 1812ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಅವರ ವಂಶದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.

ಕೂಡಿಟ್ಟ ಹಣ ಹೆಚ್ಚು ಕಾಲ ಉಳಿಯಲಿಲ್ಲ. ಮುಮ್ಮಡಿಯವರ ಕಾಲದಲ್ಲಿ ಖಜಾನೆ ಬರಿದಾಯಿತು. ಇಷ್ಟು ಕಂದಾಯ ತಂದೇ ತರ್ತೀನಿ ಅಂತ ಅಮಲ್ದಾರರು ಒಪ್ಪಿಕೊಳ್ಳುವ ಶರತ್ತು ಪದ್ಧತಿ ಬೇರೂರಿತು. ಹೊಲದಲ್ಲಿ ಏನು ಬೆಳೆದಿದೆ ಅನ್ನೋದಕ್ಕೂ ಕಾಗದದ ಮೇಲಿನ ಅಂಕಿಗೂ ಸಂಬಂಧ ಉಳಿಯಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯವನ್ನು ಕೈಗೆ ತಗೊಂಡ, ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ ನಡೀತು. ಹಳ್ಳಿಯ ಶಾನುಭೋಗರು ಮಾತ್ರ ಅದಾದ ಮೇಲೂ ಕಡತ ಬಿಟ್ಟು ಕಾಗದಕ್ಕೆ ಬಂದು, ತಂದೆಯಿಂದ ಮಗನಿಗೆ ಲೆಕ್ಕ ದಾಟಿಸುತ್ತಾ ಕೂತಿದ್ದರು. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾನೂನು 1963ರಲ್ಲಿ ಜಾರಿಗೆ ಬಂದಾಗ ಗುಬ್ಬಿ, ಕುಣಿಗಲ್ ಊರುಗಳ ಶಾನುಭೋಗಿಕೆಯೂ ಮುಗಿಯಿತು. ದಫ್ತರ ತಾಲ್ಲೂಕು ಕಚೇರಿ ಸೇರಿತು, ಸಂಬಳದ ಗ್ರಾಮ ಲೆಕ್ಕಿಗ ಬಂದ.